ಸಣ್ಣ ಹ್ಯಾಚ್‌ಬ್ಯಾಕ್ ನಿತ್ಯದ ಓಡಾಟಕ್ಕೆ ಒದಗುತ್ತದೆಯೇ? ತೂಗಿ ನೋಡುವ ಬಗೆ

ಪ್ರಶ್ನೆ: ನಮ್ಮದು ನಾಲ್ವರ ಕುಟುಂಬ. ಮಗನಿಗೆ ಆರು ವರ್ಷ, ಮಗಳಿಗೆ ಒಂಬತ್ತು ತಿಂಗಳು. ಕೆಲಸಕ್ಕೆ ಹೋಗಿಬರಲು ದಿನಕ್ಕೆ 44 ಕಿಲೋಮೀಟರ್ ಓಡಿಸುತ್ತೇನೆ. ಅದರಲ್ಲಿ ಬಹುಪಾಲು ಸಿಗ್ನಲ್‌ಗಳ ನಡುವಿನ ದಟ್ಟಣೆ. ಎಲ್ಲರೂ ಸೇರಿ ದೂರ ಹೋಗುವುದು ವರ್ಷಕ್ಕೆ ಮೂರ್ನಾಲ್ಕು ಸಲ. ಒಂದು ಸಣ್ಣ ಹ್ಯಾಚ್‌ಬ್ಯಾಕ್ ಮನಸ್ಸಿಗೆ ಹಿಡಿಸಿದೆ. ಆದರೆ ಬಂಧುಮಿತ್ರರೆಲ್ಲ ‘ಕೊಳ್ಳುವುದಾದರೆ ಇನ್ನೂ ಸ್ವಲ್ಪ ದೊಡ್ಡದನ್ನೇ ಕೊಳ್ಳಿ’ ಎನ್ನುತ್ತಿದ್ದಾರೆ. ಶೋರೂಮಿನವರು ಕೊಟ್ಟ ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಿಂದ ನನಗೇನೂ ತಿಳಿಯಲಿಲ್ಲ. ಇಂಥ ಕಾರಿನ ಗುಣದೋಷಗಳನ್ನು ಹೇಗೆ ತೂಗಬೇಕು?

ಉತ್ತರ: ನೀವು ಬರೆದಿರುವ ಅಂಕಿಗಳನ್ನೇ ಮೊದಲು ಕೂಡಿ ನೋಡೋಣ. ವರ್ಷದಲ್ಲಿ 250 ದಿನ ಕೆಲಸಕ್ಕೆ ಹೋಗುತ್ತೀರೆಂದು ಇಟ್ಟುಕೊಂಡರೆ ದಿನಕ್ಕೆ 44ರಂತೆ 11,000 ಕಿಲೋಮೀಟರ್ ಆಗುತ್ತದೆ. ದೂರದ ನಾಲ್ಕು ಪ್ರಯಾಣಗಳಿಗೆ ತಲಾ 600 ಎಂದು ಧಾರಾಳವಾಗಿಯೇ ಹಿಡಿದರೂ 2,400. ಅಂದರೆ ಕಾರಿನ ಒಟ್ಟು ಓಟದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ನೀವೊಬ್ಬರೇ ಕೂತು ದಟ್ಟಣೆಯಲ್ಲಿ ಸವೆಸುವ ದಾರಿ. ಗಂಟೆಗಳ ಲೆಕ್ಕ ಹಿಡಿದರೆ ಈ ಪಾಲು ಇನ್ನೂ ಹಿಗ್ಗುತ್ತದೆ. ‘ದೊಡ್ಡದನ್ನೇ ಕೊಳ್ಳಿ’ ಎನ್ನುವವರು ಉಳಿದ ಒಂದು ಪಾಲನ್ನು ಕಣ್ಣ ಮುಂದಿಟ್ಟುಕೊಂಡು ಮಾತನಾಡುತ್ತಿದ್ದಾರೆ. ಅವರ ಮಾತು ಸುಳ್ಳೇನಲ್ಲ. ಆದರೆ ಬಾಗಿಲು ತೆಗೆದು ಕೂರುವುದು, ಕ್ಲಚ್ ಒತ್ತುವುದು, ಇಕ್ಕಟ್ಟಿನಲ್ಲಿ ಹಿಂದಕ್ಕೆ ತೆಗೆದು ನಿಲ್ಲಿಸುವುದು ಇವೆಲ್ಲ ವರ್ಷದಲ್ಲಿ ನೂರಾರು, ಸಾವಿರಾರು ಸಲ ಆಗುವ ಕೆಲಸಗಳು. ಅವುಗಳಿಗೆ ಅಷ್ಟೇ ತೂಕ ಸಲ್ಲಬೇಕು. ನಿತ್ಯದ ಕಾರನ್ನು ನಾನು ಅಳೆಯುವುದು ಈ ಕ್ರಮದಲ್ಲೇ: ಪದೇ ಪದೇ ಆಗುವುದು ಮೊದಲು, ಅಪರೂಪಕ್ಕೆ ಆಗುವುದು ಆಮೇಲೆ. ಇದಕ್ಕೆ ವಿನಾಯಿತಿ ಸುರಕ್ಷತೆಯೊಂದೇ. ಅದರ ಮಾತು ಮುಂದೆ ಬರುತ್ತದೆ.

ಸಣ್ಣ ಹ್ಯಾಚ್‌ಬ್ಯಾಕ್ ದೊಡ್ಡ ಕಾರೊಂದನ್ನು ಮೊಟಕು ಮಾಡಿದ ವಾಹನವೆಂದು ಹಲವರು ತಿಳಿದಿರುತ್ತಾರೆ. ಅದು ಹುಟ್ಟಿದ ಬಗೆ ಬೇರೆ, ಮತ್ತು ಅದನ್ನು ತಿಳಿದರೆ ಅದರ ಗುಣ ಎಲ್ಲಿದೆ, ದೋಷ ಎಲ್ಲಿರಬಹುದು ಎಂಬುದು ತಾನಾಗಿ ಹೊಳೆಯುತ್ತದೆ. 1959ರಲ್ಲಿ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ ರೂಪಿಸಿದ ಮಿನಿ ಕಾರಿನ ಉದ್ದ ಮೂರು ಮೀಟರಿಗಿಂತ ತುಸುವೇ ಹೆಚ್ಚು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಅಡಿಯಲ್ಲೇ ಅಡಗಿಸಿ, ಮುಂದಿನ ಚಕ್ರಗಳಿಗೇ ಚಾಲನೆ ಕೊಟ್ಟದ್ದರಿಂದ ಅಷ್ಟು ಪುಟ್ಟ ಜಾಗದ ಸುಮಾರು 80 ಶೇಕಡಾ ಜನರಿಗೂ ಸಾಮಾನಿಗೂ ಉಳಿಯಿತು. ಮಿನಿಗೆ ಹಿಂಬಾಗಿಲು ಇರಲಿಲ್ಲ, ಪುಟ್ಟ ಡಿಕ್ಕಿ ಇತ್ತು. 1961ರ ರೆನೋ 4 ಕಾರಿಗೆ ಮೇಲಕ್ಕೆ ಎತ್ತುವ ದೊಡ್ಡ ಹಿಂಬಾಗಿಲು ಬಂತು. ಅದರ ನೆಲ ಮಟ್ಟಸವಾಗಿರಲೆಂದು ಹಿಂದಿನ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗಿನ ಕೆಲಸ ಮಾಡುವ ತಿರುಚು ಸರಳುಗಳನ್ನು ಒಂದರ ಹಿಂದೆ ಒಂದರಂತೆ ಅಡ್ಡಲಾಗಿ ಮಲಗಿಸಿದರು. ಪರಿಣಾಮವಾಗಿ ಆ ಕಾರಿನ ಎಡಬದಿಯ ವೀಲ್‌ಬೇಸಿಗೂ (ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರ) ಬಲಬದಿಯದಕ್ಕೂ ಐದು ಸೆಂಟಿಮೀಟರಿನಷ್ಟು ವ್ಯತ್ಯಾಸ! ಜಾಗಕ್ಕಾಗಿ ಎಂಜಿನಿಯರುಗಳು ಎಷ್ಟು ದೂರ ಹೋಗಬಲ್ಲರು ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಕಂಡಿಲ್ಲ. 1964ರ ಆಟೋಬಿಯಾಂಕಿ ಪ್ರಿಮುಲಾದಲ್ಲಿ ಅಡ್ಡ ಎಂಜಿನ್ನಿನ ತುದಿಗೇ ಗೇರ್‌ಬಾಕ್ಸ್ ಜೋಡಿಸಿದ ವ್ಯವಸ್ಥೆ ಬಂತು. ಇಂದಿನ ಸಣ್ಣ ಕಾರುಗಳ ಬಾನೆಟ್ ಎತ್ತಿದರೆ ಬಹುತೇಕ ಕಾಣುವುದು ಅದೇ. 1974ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಈ ರೂಪವನ್ನು ಜಗತ್ತಿನೆಲ್ಲೆಡೆ ಮನೆಮಾತಾಗಿಸಿತು. ಆ ಮೊದಲ ಗಾಲ್ಫ್ ಉದ್ದ 3.7 ಮೀಟರ್, ಎಂಟನೆಯ ತಲೆಮಾರಿನದು 4.28 ಮೀಟರ್. ಆದ್ದರಿಂದ ‘ಸಣ್ಣ’ ಎಂಬ ಮಾತನ್ನು ನಂಬದೆ ಕೈಪಿಡಿಯಲ್ಲಿರುವ ಉದ್ದ ಅಗಲಗಳನ್ನೇ ನೋಡಿ. ಕನ್ನಡಿಗಳನ್ನು ಸೇರಿಸಿದ ಅಗಲವನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ನಿಮ್ಮ ಪಾರ್ಕಿಂಗ್ ಜಾಗಕ್ಕೆ ಲೆಕ್ಕಕ್ಕೆ ಬರುವುದು ಅದು.

ಹೀಗೆ ಉಳಿಸಿದ ಜಾಗಕ್ಕೆ ತೆರುವ ಬೆಲೆಯೂ ಇದೆ. ಸೆಡಾನಿನಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಗೋಡೆಯಂಥ ಭಾಗವಿದ್ದು ಡಿಕ್ಕಿಯನ್ನು ಬೇರೆ ಕೋಣೆಯಾಗಿಸುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಎಲ್ಲವೂ ಒಂದೇ ಕೋಣೆ. ಹಿಂದಿನ ಚಕ್ರಗಳ ಗುಡುಗು ಡಿಕ್ಕಿಯೊಳಗೆ ಮೊಳಗಿ ನೇರವಾಗಿ ಕಿವಿಗೆ ಬರುತ್ತದೆ, ಏಸಿ ತಂಪು ಮಾಡಬೇಕಾದ ಗಾಳಿಯೂ ಹೆಚ್ಚು, ಜೋರಾಗಿ ಬ್ರೇಕ್ ಹಾಕಿದಾಗ ಡಿಕ್ಕಿಯ ಸಾಮಾನಿಗೂ ಕೂತವರ ತಲೆಗೂ ನಡುವೆ ಇರುವುದು ಸೀಟಿನ ಬೆನ್ನು ಮತ್ತು ಒಂದು ತೆಳು ಹಲಗೆ ಮಾತ್ರ. ಇನ್ನೊಂದು ಸಣ್ಣ ಕಿರಿಕಿರಿಯೂ ಉಂಟು: ಛಾವಣಿಯ ಹಿಂದಂಚಿನಲ್ಲಿ ಗಾಳಿ ಥಟ್ಟನೆ ಕಡಿದುಹೋಗಿ ಹಿಂದೆ ಸುಳಿ ಏಳುವುದರಿಂದ ಚಕ್ರಗಳು ಎರಚಿದ ಕೆಸರು ನೀರೆಲ್ಲ ಹಿಂಗಾಜಿಗೇ ಬಂದು ಮೆತ್ತಿಕೊಳ್ಳುತ್ತದೆ. ಕೆಳದರ್ಜೆಯ ಮಾದರಿಗಳಲ್ಲಿ ಹಿಂದಿನ ವೈಪರನ್ನು ಕೈಬಿಡುವುದುಂಟು. ಹ್ಯಾಚ್‌ಬ್ಯಾಕಿನಲ್ಲಿ ಅದನ್ನು ಅಲಂಕಾರವೆಂದು ಎಣಿಸಬೇಡಿ. ಮಿಶ್ರಲೋಹದ ಚಕ್ರ ಬಿಟ್ಟಾದರೂ ಅದನ್ನು ಪಡೆಯಿರಿ.

ಈಗ ನಿಮ್ಮ ದಟ್ಟಣೆಯ ದಾರಿಗೆ ಬರೋಣ. ಇಲ್ಲಿ ಸಣ್ಣ ಕಾರಿನ ದೊಡ್ಡ ಗುಣ ಅದರ ಹಗುರತನ. 1,000 ಕಿಲೋ ತೂಕದ ಕಾರನ್ನು ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ತಂದಾಗ ಅದರಲ್ಲಿ ಸುಮಾರು 96 ಕಿಲೋಜೂಲ್ ಚಲನಶಕ್ತಿ ತುಂಬಿರುತ್ತದೆ, 1,500 ಕಿಲೋ ತೂಕದ ಕಾರಿನಲ್ಲಿ ಸುಮಾರು 145. ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದ ಕೂಡಲೇ ಅಷ್ಟೂ ಶಾಖವಾಗಿ ಗಾಳಿಗೆ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದು, ದಟ್ಟಣೆಯಲ್ಲಿ ಅದರ ಐದನೇ ಒಂದು ಪಾಲು ಚಕ್ರಕ್ಕೆ ತಲುಪಿತೆಂದು ಹಿಡಿದರೆ, ಹಗುರ ಕಾರು ಒಂದು ಲೀಟರಿನಲ್ಲಿ 66 ಸಲ ಹೀಗೆ ವೇಗ ಪಡೆಯಬಲ್ಲದು, ಭಾರದ್ದು 44 ಸಲ. ಟೈರಿನ ಘರ್ಷಣೆ, ನಿಂತಾಗ ಉರಿಯುವ ಇಂಧನ ಇವನ್ನೆಲ್ಲ ನಾನು ಇಲ್ಲಿ ಬಿಟ್ಟಿದ್ದೇನೆ, ಹಾಗಾಗಿ ಇದು ಮೈಲೇಜಿನ ಲೆಕ್ಕವಲ್ಲ. ನಿಂತು ಹೊರಡುವ ದಾರಿಯಲ್ಲಿ ತೂಕ ಹೇಗೆ ಕಾಡುತ್ತದೆ ಎಂಬುದರ ಲೆಕ್ಕ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳು ಊರೊಳಗೆ ಮಿತವ್ಯಯಿಗಳಾಗಿ ಕಾಣುವುದಕ್ಕೆ ಒಂದು ಮುಖ್ಯ ಕಾರಣ, ಬ್ರೇಕಿನಲ್ಲಿ ಸೋರಿಹೋಗುವ ಈ ಶಕ್ತಿಯ ಒಂದು ಭಾಗವನ್ನು ಅವು ಬ್ಯಾಟರಿಗೆ ಮರಳಿಸುತ್ತವೆ ಎಂಬುದು.

ದಟ್ಟಣೆಯಲ್ಲಿ ತೂಕದಷ್ಟೇ ಮುಖ್ಯವಾದದ್ದು ಎಂಜಿನ್ನೂ ಗೇರ್‌ಬಾಕ್ಸೂ ನಡಿಗೆಯ ವೇಗದಲ್ಲಿ ಹೇಗೆ ವರ್ತಿಸುತ್ತವೆ ಎಂಬುದು. ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕುವ ಗರಿಷ್ಠ ಶಕ್ತಿ ನಿಮಗೆ ಸಿಗುವುದು ನಿಮಿಷಕ್ಕೆ ಐದಾರು ಸಾವಿರ ಸುತ್ತಿನಲ್ಲಿ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಹೋಗುವಾಗ ನೀವು ಅತ್ತ ಸುಳಿಯುವುದೇ ಅಪರೂಪ. ಸಾವಿರದಿಂದ ಎರಡೂವರೆ ಸಾವಿರದವರೆಗೆ ಎಂಜಿನ್ ಎಷ್ಟು ಸಲೀಸಾಗಿ ಎಳೆಯುತ್ತದೆ ಎಂಬುದೇ ನಿಮ್ಮ ಪಾಲಿನ ಪಿಕಪ್. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಹಲವು ಒಂದೂವರೆ ಸಾವಿರ ಸುತ್ತಿನ ಕೆಳಗೆ ಮಂಕಾಗಿರುತ್ತವೆ, ದಾಟಿದೊಡನೆ ಒಮ್ಮೆಗೇ ಚುರುಕಾಗುತ್ತವೆ. ಹೆದ್ದಾರಿಯಲ್ಲಿ ಅದು ಖುಷಿ ಕೊಡುತ್ತದೆ, ಮುಂದಿನ ಬಂಪರಿಗೆ ಎರಡು ಮಾರು ದೂರದಲ್ಲಿ ತೆವಳುವಾಗ ಸುಸ್ತು ತರುತ್ತದೆ. ಮ್ಯಾನುವಲ್ ಗೇರಿನ ಕಾರಾದರೆ ಒಂದು ಸುಲಭದ ಪರೀಕ್ಷೆ ಮಾಡಿ: ಮಟ್ಟಸ ರಸ್ತೆಯಲ್ಲಿ ಮೊದಲ ಗೇರಿಗೆ ಹಾಕಿ, ಕ್ಲಚ್ಚನ್ನು ಪೂರ್ತಿ ಬಿಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಕಾರು ಎಳೆದಾಡದೆ, ಉಸಿರುಗಟ್ಟದೆ, ಮನುಷ್ಯ ಬಿರುಸಾಗಿ ನಡೆಯುವ ವೇಗದಲ್ಲಿ ತಾನೇ ಸಾಗಿದರೆ ನಿಮ್ಮ ಎಡಗಾಲಿಗೆ ದಿನಕ್ಕೆ ನೂರಾರು ತುಳಿತ ಉಳಿಯಿತು. ಏಸಿ ಹಾಕಿಯೂ ಇದನ್ನೇ ನೋಡಿ. ಸಣ್ಣ ಎಂಜಿನ್ನಿಗೆ ಏಸಿ ಕಂಪ್ರೆಸರ್ ಹಗುರ ಹೊರೆಯಲ್ಲ.

ಆಟೊಮ್ಯಾಟಿಕ್ ಎಂಬ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತವೆ. ಕ್ಲಚ್ಚಿನ ಬದಲು ದ್ರವದ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವುದು ತೆವಳುವುದರಲ್ಲಿ ಅತ್ಯಂತ ನಯ, ಇಂಧನ ತುಸು ಹೆಚ್ಚು. ಮೆಟ್ಟಿಲುಗಳಿಲ್ಲದೆ ಗೇರ್ ಅನುಪಾತವನ್ನು ಸತತವಾಗಿ ಬದಲಿಸುವ ಸಿವಿಟಿ ಊರೊಳಗೆ ಬೆಣ್ಣೆಯಂತೆ, ಜೋರಾಗಿ ಒತ್ತಿದರೆ ಮಾತ್ರ ಎಂಜಿನ್ ಕೂಗುತ್ತಲೇ ಇದ್ದು ಕಾರು ನಿಧಾನವಾಗಿ ಹಿಂಬಾಲಿಸಿದಂತೆ ಭಾಸವಾಗುತ್ತದೆ. ಒಣ ಕ್ಲಚ್ಚಿನ ಡಿಸಿಟಿ, ಅಂದರೆ ಎರಡು ಕ್ಲಚ್ಚುಗಳ ಗೇರ್‌ಬಾಕ್ಸ್, ಓಡುವಾಗ ಚುರುಕು. ಗಂಟೆಗಟ್ಟಲೆ ಇಂಚಿಂಚು ಸರಿಯುವ ದಟ್ಟಣೆಯಲ್ಲಿ ಕ್ಲಚ್ ಬಿಸಿಯಾಗುವುದು ಅದರ ಸ್ವಭಾವದ ದೌರ್ಬಲ್ಯ. ಎಎಂಟಿ ಎಂದರೆ ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್ಚನ್ನೂ ಗೇರನ್ನೂ ನಿಮ್ಮ ಬದಲು ಒಂದು ಯಂತ್ರ ನಿರ್ವಹಿಸುವ ವ್ಯವಸ್ಥೆ. ಹಿಂದೊಮ್ಮೆ ನಾನೇ ಎಎಂಟಿ ಇರುವ ಹ್ಯಾಚ್‌ಬ್ಯಾಕ್ ಒಂದನ್ನು ಕೊಂಡಿದ್ದೆ. ಕಚೇರಿಯ ನೆಲಮಾಳಿಗೆಯಿಂದ ಮೇಲೆ ಬರುವ ಇಳಿಜಾರಿನಲ್ಲಿ ಸಾಲಿನಲ್ಲಿ ನಿಂತು, ಬ್ರೇಕ್ ಬಿಟ್ಟು ಆಕ್ಸಿಲರೇಟರಿಗೆ ಕಾಲು ಹೋಗುವಷ್ಟರಲ್ಲಿ ಕಾರು ಒಂದು ಗೇಣು ಹಿಂದೆ ಸರಿಯುತ್ತಿತ್ತು. ಆಮೇಲೆ ಕ್ಲಚ್ ಕಚ್ಚಿ ಜಗ್ಗನೆ ಮುಂದೆ ನೆಗೆಯುತ್ತಿತ್ತು. ಹಿಂದಿನವರ ಹಾರ್ನ್ ದಿನವೂ ತಪ್ಪುತ್ತಿರಲಿಲ್ಲ. ಮೊದಲ ವಾರ ನನ್ನದೇ ತಪ್ಪೆಂದುಕೊಂಡೆ. ಆಮೇಲೆ ತಿಳಿಯಿತು, ಆ ಮಾದರಿಯಲ್ಲಿ ಏರಿನಲ್ಲಿ ತಡೆದು ಹಿಡಿಯುವ ವ್ಯವಸ್ಥೆಯೇ ಇರಲಿಲ್ಲ, ಮತ್ತು ನಾನು ಟೆಸ್ಟ್ ಡ್ರೈವ್ ಮಾಡಿದ್ದ ರಸ್ತೆ ಈ ತುದಿಯಿಂದ ಆ ತುದಿಯವರೆಗೆ ಮಟ್ಟಸವಾಗಿತ್ತು. ಅಂದಿನಿಂದ ಏರಿನಲ್ಲಿ ನಿಲ್ಲಿಸಿ ಹೊರಡಿಸದೆ ಯಾವ ಕಾರಿನ ಬಗೆಗೂ ನಾನು ಅಭಿಪ್ರಾಯ ಹೇಳಿಲ್ಲ.

ಮೂರು ಸಿಲಿಂಡರಿನ ಎಂಜಿನ್ ಬಗೆಗೆ ಅನೇಕರು ಕೇಳುತ್ತಾರೆ. ನಾಲ್ಕು ಸಿಲಿಂಡರಿನಲ್ಲಿ ಪ್ರತಿ 180 ಡಿಗ್ರಿಗೊಂದು ಸ್ಫೋಟವಾದರೆ ಇದರಲ್ಲಿ 240 ಡಿಗ್ರಿಗೊಂದು. ಅದರ ಜೊತೆಗೆ ಒಂದು ತುದಿ ಏರುವಾಗ ಇನ್ನೊಂದು ತುದಿ ಇಳಿಯುವಂಥ ತೂಗಾಟವೂ ಸಹಜವಾಗಿರುತ್ತದೆ. ಎಂಜಿನ್ನನ್ನು ಹಿಡಿದಿಡುವ ಒಳ್ಳೆಯ ರಬ್ಬರ್ ಮೌಂಟಿಂಗ್ ಇದನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಕಾರು ನಿಂತಿರುವಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ವಾಹನದ ನಂಬರ್ ಪ್ಲೇಟ್ ನಡುಗದೆ ಓದಲು ಬಂದರೆ ಚಿಂತೆಯಿಲ್ಲ.

ತಿರುಗುವ ಸುಲಭತೆಯ ಬಗೆಗೆ ಮಾರುವವರು ಹೇಳದಿರುವ ಒಂದು ಸಂಗತಿಯಿದೆ. ಕಾರು ಎಷ್ಟು ಇಕ್ಕಟ್ಟಿನಲ್ಲಿ ಹೊರಳಬಲ್ಲದು ಎಂಬುದು ಅದರ ಉದ್ದಕ್ಕಿಂತ ಹೆಚ್ಚಾಗಿ ವೀಲ್‌ಬೇಸ್ ಮತ್ತು ಮುಂದಿನ ಚಕ್ರಗಳು ಎಷ್ಟು ಓರೆಯಾಗಬಲ್ಲವು ಎಂಬುದರ ಮೇಲೆ ನಿಂತಿದೆ. ಅಡ್ಡ ಎಂಜಿನ್ ಬಾನೆಟ್ಟಿನಡಿಯ ಅಗಲವನ್ನೆಲ್ಲ ತಿನ್ನುವುದರಿಂದ ಚಕ್ರ ಹೊರಳಲು ಉಳಿಯುವ ಜಾಗ ಮೊದಲೇ ಕಡಿಮೆ. ಮೇಲ್ದರ್ಜೆಯ ಮಾದರಿಗೆ ಅಗಲ ಟೈರ್ ಹಾಕಿದಾಗ ಅದು ಇನ್ನೂ ಕುಗ್ಗಬಹುದು. ಹಾಗಾಗಿ ಒಂದೇ ಕಾರಿನ ಅಗ್ಗದ ಮಾದರಿ ದುಬಾರಿ ಮಾದರಿಗಿಂತ ಚಿಕ್ಕ ವೃತ್ತದಲ್ಲಿ ತಿರುಗುವುದುಂಟು. ಈ ವರ್ಗದಲ್ಲಿ ತಿರುಗುವ ವೃತ್ತದ ವ್ಯಾಸ 10 ಮೀಟರಿನ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ನೋಟದ ವಿಷಯದಲ್ಲಿ ಕಾಗದ ನೆರವಿಗೆ ಬಾರದು. ಇತ್ತೀಚಿನ ಕಾರುಗಳಲ್ಲಿ ಸೊಂಟದ ಗೆರೆ, ಅಂದರೆ ಕಿಟಕಿಗಳ ಕೆಳಗಿನ ಅಂಚು, ಹಿಂದಕ್ಕೆ ಹೋದಂತೆ ಮೇಲೇರಿ, ಹಿಂದಿನ ಕಂಬಗಳು ದಪ್ಪವಾಗಿ, ಹಿಂಗಾಜು ಅಂಚೆ ಡಬ್ಬಿಯ ಬಾಯಿಯಷ್ಟಾಗಿದೆ. ಚಾಲಕನ ಸೀಟಿನಲ್ಲಿ ಕೂತು ನಿಮ್ಮ ಮಗನನ್ನು ಮನೆಯವರ ಕೈ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬರಲು ಹೇಳಿ. ಅವನ ತಲೆ ಎಲ್ಲೆಲ್ಲಿ, ಎಷ್ಟು ಹೆಜ್ಜೆ ಮರೆಯಾಗುತ್ತದೆ ಎಂದು ಎಣಿಸಿ. ಕ್ಯಾಮೆರಾ ಇದ್ದರೂ ಈ ಎಣಿಕೆ ವ್ಯರ್ಥವಲ್ಲ.

ಸವಾರಿಯ ಹಿತದ ಬಗೆಗೆ ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಸಣ್ಣ ಕಾರಿನ ಮೇಲಿನ ದೂರುಗಳಲ್ಲಿ ಅರ್ಧ ಇಲ್ಲಿಂದ ಬರುತ್ತವೆ, ಆ ಅರ್ಧದಲ್ಲಿ ಬಹಳಷ್ಟನ್ನು ಕೊಳ್ಳುವಾಗಲೇ ತಪ್ಪಿಸಬಹುದು. 950 ಕಿಲೋ ತೂಕದ ಕಾರಿನಲ್ಲಿ ನೀವೊಬ್ಬರೇ ಇರುವಾಗ ಹಿಂದಿನ ಚಕ್ರಗಳ ಮೇಲೆ ಬೀಳುವ ಭಾರ ಒಟ್ಟು ತೂಕದ ಸುಮಾರು ಐದರಲ್ಲಿ ಎರಡು ಪಾಲು ಮಾತ್ರ. ಐವರು ಕೂತು ಡಿಕ್ಕಿ ತುಂಬಿದಾಗ ಅದೇ ಚಕ್ರಗಳ ಭಾರ ಅರ್ಧಕ್ಕಿಂತ ಹೆಚ್ಚು ಏರುತ್ತದೆ. ಆಗಲೂ ಹಿಂಭಾಗ ನೆಲಕ್ಕೆ ಕುಸಿಯಬಾರದೆಂದು ತಯಾರಕರು ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ. ಒಬ್ಬರೇ ಹೋಗುವಾಗ ಆ ಗಟ್ಟಿತನವೇ ಹಿಂಭಾಗ ಪುಟಿಯುವುದಕ್ಕೆ ಕಾರಣ. ಭಾರದ ಕಾರಿನಲ್ಲಿ ಖಾಲಿಗೂ ತುಂಬಿದ್ದಕ್ಕೂ ಇರುವ ಅನುಪಾತ ಇಷ್ಟು ವಿಪರೀತವಲ್ಲ, ಹಾಗಾಗಿ ಅದರ ಸವಾರಿ ಸಹಜವಾಗಿಯೇ ಮೆತ್ತಗೆ. ವೀಲ್‌ಬೇಸ್ ಗಿಡ್ಡವಾದಷ್ಟೂ ಹಂಪ್ ಮೇಲೆ ಮೂತಿ ಎತ್ತಿ ಬಾಲ ಇಳಿಸುವ ಓಲಾಟ ಹೆಚ್ಚು. 1930ರ ದಶಕದಲ್ಲೇ ಮಾರಿಸ್ ಓಲಿ ಎಂಬ ಎಂಜಿನಿಯರ್, ಹಿಂದಿನ ಸ್ಪ್ರಿಂಗುಗಳು ಮುಂದಿನವಕ್ಕಿಂತ ತುಸು ಬೇಗ ತೂಗುವಂತಿದ್ದರೆ ಈ ಓಲಾಟ ಬೇಗ ಅಡಗುತ್ತದೆಂದು ಕಂಡುಕೊಂಡಿದ್ದರು. ಕಾರಣ, ಹಂಪ್ ತಾಗುವುದು ಮೊದಲು ಮುಂದಿನ ಚಕ್ರಕ್ಕೆ, ಹಿಂದಿನದು ಆ ವಿಳಂಬವನ್ನು ತುಂಬಿಕೊಳ್ಳಬೇಕು. ಒಳ್ಳೆಯ ಸಣ್ಣ ಕಾರು ಹಂಪ್ ದಾಟಿದ ಮೇಲೆ ಒಂದೇ ಸಲ ತಗ್ಗಿ ನೆಟ್ಟಗಾಗುತ್ತದೆ. ಎರಡನೆಯ ಸಲ, ಮೂರನೆಯ ಸಲ ತೊಟ್ಟಿಲಿನಂತೆ ತೂಗಿದರೆ ಆ ಕಾರನ್ನು ಬಿಟ್ಟುಬಿಡಿ. ಇಂಥ ಕಾರುಗಳ ಹಿಂದಿನ ಚಕ್ರಗಳು ಸಾಮಾನ್ಯವಾಗಿ ತಿರುಚಿಕೊಳ್ಳಬಲ್ಲ ಒಂದೇ ಅಡ್ಡ ತೊಲೆಗೆ ಸೇರಿರುತ್ತವೆ. ಅಗ್ಗ, ಗಟ್ಟಿಮುಟ್ಟು, ಡಿಕ್ಕಿಯ ಜಾಗ ತಿನ್ನದು. ಅದನ್ನೇ ದೋಷವೆಂದು ಬರೆಯುವ ವಿಮರ್ಶಕರ ಮಾತನ್ನು ನಿತ್ಯದ ಕಾರಿನ ಮಟ್ಟಿಗೆ ನಾನು ಒಪ್ಪುವುದಿಲ್ಲ.

ಟೈರಿನ ವಿಷಯ ಇದಕ್ಕೆ ಅಂಟಿಕೊಂಡೇ ಇದೆ. ಒಂದೇ ಕಾರಿನ ಕೆಳಗಿನ ಮಾದರಿಗೆ 185/65 ಆರ್15, ಮೇಲಿನದಕ್ಕೆ 195/55 ಆರ್16 ಟೈರ್ ಕೊಟ್ಟಿದ್ದಾರೆನ್ನಿ. ಮೊದಲ ಅಂಕಿ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಟೈರಿನ ಪಕ್ಕಗೋಡೆಯ ಎತ್ತರವೆಂಬುದು, ಮೂರನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಗುಣಿಸಿ ನೋಡಿದರೆ ಎರಡರ ಒಟ್ಟು ವ್ಯಾಸವೂ 621 ಮಿಲಿಮೀಟರಿನ ಸುಮಾರು, ಹೆಚ್ಚುಕಡಿಮೆ ಒಂದೇ. ಪಕ್ಕಗೋಡೆ ಮಾತ್ರ ಒಂದರದು 120 ಮಿಲಿಮೀಟರ್, ಇನ್ನೊಂದರದು 107. ಹೆಚ್ಚು ಹಣ ತೆತ್ತು ನೀವು 13 ಮಿಲಿಮೀಟರ್ ರಬ್ಬರಿನ ಮೆತ್ತೆಯನ್ನು ಕಳೆದುಕೊಂಡಿರಿ, ಗುಂಡಿಗೆ ಬಿದ್ದಾಗ ರಿಮ್ ಡೊಂಕಾಗುವ ಸಂಭವವನ್ನು ಹೆಚ್ಚಿಸಿಕೊಂಡಿರಿ. ದೊಡ್ಡ ಚಕ್ರ ನೋಡಲು ಚೆಂದ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಾರೊಳಗೆ ಕೂತವರಿಗೆ ಅದು ಕಾಣುವುದಿಲ್ಲ, ಅಷ್ಟೇ.

ಹಿಂದಿನ ಸೀಟಿಗೆ ಬಂದಾಗ ನಿಮ್ಮ ಪ್ರಶ್ನೆಯ ನಿಜವಾದ ಗಂಟು ಸಿಗುತ್ತದೆ. ದೊಡ್ಡವರಿಗೆ ಜಾಗವಿದೆಯೇ ಎಂದು ನೋಡುವ ಕ್ರಮ ಎಲ್ಲರಿಗೂ ಗೊತ್ತು: ಚಾಲಕನ ಸೀಟನ್ನು ನಿಮಗೆ ಬೇಕಾದಂತೆ ಹೊಂದಿಸಿಕೊಂಡು, ಆಮೇಲೆ ಅದರ ಹಿಂದೆ ನೀವೇ ಹೋಗಿ ಕೂರುವುದು. ಕೂತಾಗ ಮೊಣಕಾಲನ್ನಷ್ಟೇ ನೋಡದೆ ತೊಡೆಯನ್ನೂ ಗಮನಿಸಿ. ತೊಡೆ ಸೀಟಿಗೆ ತಾಗದೆ ಮೊಣಕಾಲು ಮೇಲೆದ್ದಿದ್ದರೆ ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ನೆಲದಡಿ ಬ್ಯಾಟರಿ ಇರುವ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕುಗಳಲ್ಲಿ ಇದನ್ನು ಮುಖ್ಯವಾಗಿ ನೋಡಬೇಕು, ಅಲ್ಲಿ ನೆಲವೇ ಮೇಲೆದ್ದಿರುತ್ತದೆ. ಆದರೆ ನಿಮ್ಮ ಮನೆಯಲ್ಲಿ ಹಿಂದೆ ಕೂರುವವರು ಮಕ್ಕಳು. ಒಂಬತ್ತು ತಿಂಗಳ ಮಗುವನ್ನು ಹಿಮ್ಮುಖದ ಚೈಲ್ಡ್ ಸೀಟಿನಲ್ಲೇ ಕೂರಿಸಬೇಕು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದಿಗೂ ಇಡಕೂಡದು. ಓರೆಯಾಗಿ ಮಲಗಿದಂತಿರುವ ಆ ಸೀಟು ದೊಡ್ಡವರ ಕಾಲಿಗಿಂತ ಹೆಚ್ಚು ಜಾಗ ಕೇಳುತ್ತದೆ. ಸಣ್ಣ ಕಾರಿನಲ್ಲಿ ಅದನ್ನು ಸಹಪ್ರಯಾಣಿಕರ ಹಿಂದೆ ಕೂರಿಸಿದರೆ ಮುಂದಿನ ಸೀಟು ಡ್ಯಾಶ್‌ಬೋರ್ಡಿನ ಕಡೆಗೆ ಸರಿಯುತ್ತದೆ, ಅಲ್ಲಿ ಕೂತವರ ಮೊಣಕಾಲಿಗೂ ಗ್ಲೋವ್ ಬಾಕ್ಸಿಗೂ ನಡುವೆ ಎಷ್ಟು ಉಳಿಯಿತೆಂಬುದು ಕಾರಿನಿಂದ ಕಾರಿಗೆ ಬದಲಾಗುತ್ತದೆ. ಇದನ್ನು ಯಾವ ಕೈಪಿಡಿಯೂ ಹೇಳದು. ಮಗನ ಬೂಸ್ಟರ್ ಸೀಟೂ ಸೇರಿದರೆ ನಡುವೆ ಐದನೆಯವರಿಗೆ ಜಾಗವಿಲ್ಲ ಎಂದೇ ಲೆಕ್ಕ ಹಾಕಿ.

ಡಿಕ್ಕಿಯ ಲೀಟರ್ ಲೆಕ್ಕವನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಪ್ರಚಲಿತ ಕ್ರಮವೊಂದರಲ್ಲಿ 20, 10, 5 ಸೆಂಟಿಮೀಟರ್ ಅಳತೆಯ, ಅಂದರೆ ಸರಿಯಾಗಿ ಒಂದು ಲೀಟರ್ ಗಾತ್ರದ, ಇಟ್ಟಿಗೆಗಳಂಥ ತುಂಡುಗಳನ್ನು ಜೋಡಿಸಿ ಎಣಿಸುತ್ತಾರೆ. ಚಕ್ರದ ಗೂಡಿನ ಪಕ್ಕದ ಸಂದಿಗೂ ಇಂಥ ತುಂಡು ಹೋಗುತ್ತದೆ, ನಿಮ್ಮ ಮಗುವಿನ ತಳ್ಳುಗಾಡಿ ಹೋಗುವುದಿಲ್ಲ. ಮಡಚಿದ ತಳ್ಳುಗಾಡಿಯನ್ನೇ ಕೊಂಡೊಯ್ದು ಇಟ್ಟು ನೋಡಿ. ಡಿಕ್ಕಿಯ ಹೊಸ್ತಿಲು ಎಷ್ಟು ಎತ್ತರವಿದೆ, ಭಾರದ ಚೀಲವನ್ನು ಅದರ ಮೇಲೆ ಎತ್ತಿ ಒಳಗೆ ಇಳಿಸಬೇಕೇ ಅಥವಾ ಸುಮ್ಮನೆ ತಳ್ಳಬಹುದೇ, ಸೀಟು ಮಡಚಿದಾಗ ನೆಲ ಸಮವಾಗುತ್ತದೆಯೇ ಎಂಬುವು ಇಪ್ಪತ್ತು ಮೂವತ್ತು ಲೀಟರ್ ಹೆಚ್ಚುಕಡಿಮೆಗಿಂತ ದೊಡ್ಡ ಪ್ರಶ್ನೆಗಳು. ಜಾಣತನದ ಮಾತು ಬಂದರೆ 2001ರ ಹೋಂಡಾ ಜಾಜ್ ನೆನಪಾಗುತ್ತದೆ: ಪೆಟ್ರೋಲ್ ಟ್ಯಾಂಕನ್ನು ಮುಂದಿನ ಸೀಟುಗಳಡಿಗೆ ತಂದದ್ದರಿಂದ ಹಿಂದಿನ ಸೀಟಿನ ತಳವನ್ನು ಮೇಲಕ್ಕೆ ಮಡಚಿ, ಎತ್ತರದ ಸಾಮಾನನ್ನು ನೆಟ್ಟಗೇ ನಿಲ್ಲಿಸಲು ಅದರಲ್ಲಿ ಸಾಧ್ಯವಾಯಿತು. ಹೊರಗಿನ ಅಳತೆ ಹಿಗ್ಗಿಸದೆ ಒಳಗಿನ ಉಪಯೋಗ ಹೆಚ್ಚಿಸುವುದೆಂದರೆ ಇದು.

ದೂರದ ಪ್ರಯಾಣದಲ್ಲಿ ಸಣ್ಣ ಕಾರು ಸೋಲುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. 70 ಕಿಲೋ ತೂಗುವ ನಾಲ್ವರು ಕೂತರೆ 280 ಕಿಲೋ. 950 ಕಿಲೋ ಕಾರಿಗೆ ಅದು ಸುಮಾರು 30 ಶೇಕಡಾ ಹೆಚ್ಚುವರಿ ಹೊರೆ, 1,600 ಕಿಲೋ ಕಾರಿಗೆ 18 ಶೇಕಡಾ ಕೂಡ ಇಲ್ಲ. ನೀವು ದಿನವೂ ಓಡಿಸಿ ಅಭ್ಯಾಸವಾದ ಕಾರು ಅಂದು ಬೇರೆಯದೇ ಕಾರಾಗುತ್ತದೆ: ಓವರ್‌ಟೇಕಿಗೆ ಹೆಚ್ಚು ದೂರ ಬೇಕು, ಒಂದು ಗೇರ್ ಇಳಿಸಬೇಕು, ಟೈರಿಗೆ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಪೂರ್ಣಭಾರಕ್ಕೆಂದು ಬರೆದಿರುವಷ್ಟು ಗಾಳಿ ತುಂಬಿಸಲೇಬೇಕು. ನಿಮ್ಮಲ್ಲಿ ಇಬ್ಬರು ಮಕ್ಕಳಾದ್ದರಿಂದ ಇನ್ನು ಕೆಲವು ವರ್ಷ ಹೊರೆ ಇಷ್ಟಿರದು. ಗಂಟೆಗೆ 100 ಕಿಲೋಮೀಟರಿನಲ್ಲಿ ಕೊನೆಯ ಗೇರಿನ ಎಂಜಿನ್ ಸುತ್ತು ಎಷ್ಟೆಂದು ನೋಡಿಕೊಳ್ಳಿ. ಮೂರು ಸಾವಿರ ದಾಟಿದರೆ ಮೂರನೆಯ ಗಂಟೆಗೆ ತಲೆ ಗುಂಯ್ ಎನ್ನುತ್ತದೆ. ಆ ನಾಲ್ಕು ಪ್ರಯಾಣಗಳಿಗೆ ದೊಡ್ಡ ಕಾರನ್ನು ಬಾಡಿಗೆಗೆ ಪಡೆಯುವುದು ಅವಮಾನದ ವಿಷಯವೂ ಅಲ್ಲ, ಲೆಕ್ಕದಲ್ಲಿ ನಷ್ಟವೂ ಆಗಲಿಕ್ಕಿಲ್ಲ.

ಸುರಕ್ಷತೆಯ ಬಗೆಗೆ ಎರಡು ಮಾತನ್ನು ಒಟ್ಟಿಗೇ ಒಪ್ಪಿಕೊಳ್ಳಬೇಕು. ಇಂದಿನ ಒಳ್ಳೆಯ ಸಣ್ಣ ಕಾರು ಹಳೆಯ ದೊಡ್ಡ ಕಾರಿಗಿಂತ ಎಷ್ಟೋ ಮೇಲು. ಹಾಗಿದ್ದರೂ ಭೌತವಿಜ್ಞಾನ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. 1,000 ಕಿಲೋ ಮತ್ತು 1,500 ಕಿಲೋ ಕಾರುಗಳು ತಲಾ 50 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಗುದ್ದಿ ಒಂದಕ್ಕೊಂದು ಕಚ್ಚಿಕೊಂಡವೆನ್ನಿ; ಎರಡೂ ಸೇರಿ ಭಾರದ ಕಾರು ಹೋಗುತ್ತಿದ್ದ ದಿಕ್ಕಿನಲ್ಲಿ 10 ಕಿಲೋಮೀಟರ್ ವೇಗದಲ್ಲಿ ಸರಿಯುತ್ತವೆ. ಭಾರದ ಕಾರಿನವರಿಗೆ ತಾಗಿದ ವೇಗದ ಬದಲಾವಣೆ 40, ಹಗುರದವರಿಗೆ 60. ಕಾರುಗಳನ್ನು ಗುದ್ದಿಸಿ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ 2020ರಿಂದ ನಡೆಸುತ್ತಿರುವ ಮುಂಭಾಗದ ಪರೀಕ್ಷೆಯಲ್ಲಿ ಕಾರೂ, ಗುದ್ದಿದಾಗ ನಜ್ಜುಗುಜ್ಜಾಗುವ ತಡೆ ಹೊತ್ತ 1,400 ಕಿಲೋ ತೂಕದ ಗಾಡಿಯೂ ತಲಾ 50 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಬರುತ್ತವೆ. ಕದಲದೆ ನಿಂತ ತಡೆಗೆ ಗುದ್ದಿಸುತ್ತಿದ್ದ ಹಳೆಯ ಪರೀಕ್ಷೆಗಿಂತ ಇದು ಸಣ್ಣ ಕಾರಿನ ನಿಜಸ್ಥಿತಿಗೆ ಹತ್ತಿರ. ನಕ್ಷತ್ರಗಳನ್ನು ಎಣಿಸುವ ಮೊದಲು ಪರೀಕ್ಷೆ ಯಾವ ವರ್ಷದ್ದು, ಯಾವ ಮಾದರಿಯ ಮೇಲೆ ನಡೆದದ್ದು ಎಂದು ನೋಡಿ. ಬೇರೆ ಬೇರೆ ತೂಕದ ವರ್ಗಗಳ ನಕ್ಷತ್ರಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ. ಜಾರಿಕೆಯನ್ನು ತಡೆಯುವ ಸ್ಥಿರತಾ ನಿಯಂತ್ರಣ, ಪಕ್ಕದ ಏರ್‌ಬ್ಯಾಗುಗಳು, ಕಿಟಕಿಗೆ ಪರದೆಯಂತೆ ಇಳಿಯುವ ಏರ್‌ಬ್ಯಾಗುಗಳು, ಹಿಂದೆ ಎರಡೂ ಬದಿ ಚೈಲ್ಡ್ ಸೀಟನ್ನು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು ಇಲ್ಲದ ಮಾದರಿಯನ್ನು, ಉಳಿದೆಲ್ಲ ಎಷ್ಟೇ ಚೆನ್ನಾಗಿರಲಿ, ಇಬ್ಬರು ಮಕ್ಕಳಿರುವ ಮನೆಗೆ ನಾನು ಹೇಳುವುದಿಲ್ಲ. ದೊಡ್ಡ ಟಚ್‌ಸ್ಕ್ರೀನ್, ಛಾವಣಿಯ ಕಿಟಕಿ ಇವಕ್ಕೆ ಮೀಸಲಿಟ್ಟ ಹಣವನ್ನು ಇಲ್ಲಿಗೆ ತಿರುಗಿಸಿ.

ಇಂಧನದ ಆಯ್ಕೆ ನಿಮ್ಮ ಮಟ್ಟಿಗೆ ಕಷ್ಟದ್ದಲ್ಲ. ನಿಂತು ನಿಂತು ಸಾಗುವ ಓಟದಲ್ಲಿ ಡೀಸೆಲ್ಲಿನ ಮಸಿ ಶೋಧಕ ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳುವಷ್ಟು ಬಿಸಿಯಾಗುವುದೇ ಕಷ್ಟ, ಆದ್ದರಿಂದ ಡೀಸೆಲ್ ಬೇಡ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದರೆ ದಿನಕ್ಕೆ 44 ಕಿಲೋಮೀಟರ್ ಓಟಕ್ಕೆ ಎಲೆಕ್ಟ್ರಿಕ್ ಹೇಳಿ ಮಾಡಿಸಿದಂತಿದೆ. ಇಲ್ಲದಿದ್ದರೆ ಹೈಬ್ರಿಡ್ ಅಥವಾ ಪೆಟ್ರೋಲ್.

ನನ್ನ ಅಭಿಪ್ರಾಯ ಹೇಳಬೇಕೆಂದರೆ, ನೀವು ಬರೆದಿರುವ ಬಳಕೆಗೆ ಸಣ್ಣ ಹ್ಯಾಚ್‌ಬ್ಯಾಕೇ ಸರಿ. ಅದರಲ್ಲೂ ಸಣ್ಣ ರಿಮ್ಮಿನ, ಸುರಕ್ಷತಾ ಸಾಧನಗಳು ಪೂರ್ತಿಯಿರುವ ನಡುವಿನ ದರ್ಜೆಯ ಮಾದರಿ. ಆದರೆ ಈಗಲೇ ಮುಂಗಡ ಕೊಡಬೇಡಿ. ಇನ್ನೊಮ್ಮೆ ಶೋರೂಮಿಗೆ ಹೋಗಿ, ಈ ಸಲ ಸಂಜೆಯ ದಟ್ಟಣೆಯ ಹೊತ್ತಿಗೆ, ನೀವು ಕೊಳ್ಳಲಿರುವ ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಅದೇ ಟೈರಿನ ಕಾರು ಬೇಕೆಂದು ಮೊದಲೇ ಹೇಳಿಟ್ಟು. ರೇಡಿಯೊ ಆರಿಸಿ, ಏಸಿ ಹಾಕಿ. ಒಂದು ಏರು, ಒಂದು ಹಂಪ್, ಒಂದು ಇಕ್ಕಟ್ಟಿನ ತಿರುವು ನಿಮ್ಮ ದಾರಿಯಲ್ಲಿರಲಿ. ಮನೆಯವರೂ ಮಕ್ಕಳೂ ಜೊತೆಗಿರಲಿ. ಹೊರಡುವ ಮೊದಲು ಚೈಲ್ಡ್ ಸೀಟನ್ನು ಮುಂದಿನ ಪ್ರಯಾಣಿಕರ ಹಿಂದೆ ಕೊಂಡಿಗೆ ಸಿಕ್ಕಿಸಿ, ಮಗುವನ್ನು ಕೂರಿಸಿ, ಬೆಲ್ಟ್ ಬಿಗಿದು, ಅದರ ಮುಂದಿನ ಸೀಟಿನಲ್ಲಿ ಮನೆಯವರನ್ನು ಕೂರಿಸಿ. ಅವರ ಮೊಣಕಾಲು ಗ್ಲೋವ್ ಬಾಕ್ಸಿಗೆ ತಾಗಿದರೆ ಟೆಸ್ಟ್ ಡ್ರೈವ್ ಮಾಡುವ ಶ್ರಮವೇ ಬೇಡ. ಪಕ್ಕದಲ್ಲಿ ನಿಂತಿರುವ, ವೀಲ್‌ಬೇಸ್ ಹತ್ತು ಸೆಂಟಿಮೀಟರ್ ಹೆಚ್ಚಿರುವ ಇನ್ನೊಂದು ಹ್ಯಾಚ್‌ಬ್ಯಾಕಿನ ಬಾಗಿಲು ತೆಗೆಸಿ, ಅದೇ ಚೈಲ್ಡ್ ಸೀಟನ್ನು ಅದರಲ್ಲಿ ಸಿಕ್ಕಿಸಿ ನೋಡಿ.